1967ರ ಅಂಬಾಸಿಡರ್‌ಗೆ ಹೊಸ ನಮೂನಿ ಸಣ್ಣ ಸೆಲ್ಫ್ ಮೋಟರ್: ಯಾರರ ಕೂಡಿಸೀರೇನು?

ಜೇವರ್ಗಿ ರೋಡ್ (ಕಲಬುರಗಿ)

ಶರಣು ಶರಣಾರ್ಥಿ ಎಲ್ಲಾರಿಗೂ. ನಮ್ಮ ಮನ್ಯಾಗ 1967ರ ಅಂಬಾಸಿಡರ್ ಮಾರ್ಕ್ 2 ಅದ. ಅಪ್ಪಾಜಿ ತೊಗೊಂಡ ಗಾಡಿ. 1489 ಸಿಸಿ ಪೆಟ್ರೋಲ್ ಎಂಜಿನ್, ಡೈನಮೋನೂ ಹಳೇದೇ. ಮನಿ ಮುಂದ ಮುಚ್ಚಿಡೋ ಗಾಡಿ ಅಲ್ಲ, ನಾ ದಿನಾ ಓಡಸ್ತೀನಿ.

ಮುಂಜಾನಿ ಥಂಡ್ಯಾಗ ಸೆಲ್ಫ್ ಮುಟ್ಟಿದ್ರ ಸಾಕು, ಚಾಲು. ತ್ರಾಸು ಇರೋದು ಬಿಸಿ ಆದ ಮ್ಯಾಲ. ಆಳಂದಕ್ಕ ಹೋಗಿ ಗಾಡಿ ಬಂದ್ ಮಾಡಿ, ಚಹಾ ಕುಡುದು ಬಂದು ಸೆಲ್ಫ್ ಹೊಡದ್ರ ಅರ್ಧ ಸುತ್ತು ಎಳದು ನಿಂತು ಬಿಡ್ತದ. ಗಂಜಿನ್ಯಾಗ ನಿಂತ್ರ ದಬ್ಬಲಾಕ ಜನ ಸಿಗ್ತಾರ, ಹೈವೇದಾಗ ಯಾರು ಸಿಗ್ತಾರ? ಈಗ ಏಪ್ರಿಲ್, ಹೊರಗ 42 ಡಿಗ್ರಿ. ಮನಿಯವರು ಈ ಗಾಡ್ಯಾಗ ಕೂಡಲಾಕ ಒಲ್ಲೆ ಅಂತಾರ.

ಈಗಿನ ಗಾಡಿಗೋಳಿಗೆ ಬರೋ ಸಣ್ಣ ಗೇರ್ ರಿಡಕ್ಷನ್ ಸೆಲ್ಫ್ (ಒಳಗ ಗೇರ್ ಇದ್ದು ಸಣ್ಣ ಮೋಟರೇ ಜೋರ ತಿರುವೋದು) ಕೂಡಸ್ಬೇಕು ಅಂತ ವಿಚಾರ. ಒಂದೇ ಶರತ್ತು: ಎಂಜಿನ್ ಬ್ಲಾಕ್ ಆಗಲಿ, ಹಿಂದಿನ ಪ್ಲೇಟ್ ಆಗಲಿ ಕೊರೀಬಾರದು, ಕತ್ತರಿಸಬಾರದು. ಬೇಕಂದಾಗ ಹಳೀ ಸೆಲ್ಫ್ ಹೊಳ್ಳಿ ಕೂಡಬೇಕು. ಮಾಡಿದವರು ಹೇಳ್ರಿ.

ಉಸ್ತಾದ್ ಬೀದರ್

ತಮ್ಮಾ, ಮೋಟರ್ ಬದಲಿ ಮಾತು ಆಮ್ಯಾಲ. ಪೈಲೆ ಮೀಟರ್ ಹಿಡಿ. ನನ್ನ ಅಂಗಡಿಗಿ ಬರೋ ಹಳೀ ಗಾಡಿಗೋಳ ಸೆಲ್ಫ್ ಭಾಳಷ್ಟು ನಿರಪರಾಧಿ ಇರ್ತಾವ. ಕೇಬಲ್ ಸತ್ತಿರ್ತದ, ಶಿಕ್ಷೆ ಸೆಲ್ಫಿಗೆ.

ಗಾಡಿ ಬಿಸಿ ಇದ್ದಾಗ, ಇಗ್ನಿಷನ್ ಕಾಯಿಲ್ ವೈರ್ ಬಿಚ್ಚಿ, ಯಾರಿಗರ ಸೆಲ್ಫ್ ಹೊಡೀಲಾಕ ಹೇಳು. ಅದು ತಿರುಗೋ ಹೊತ್ತಿನ್ಯಾಗೇ ಅಳೀಬೇಕು, ಸುಮ್ಮ ನಿಂತಾಗ ಅಳದ್ರ ಎಲ್ಲಾ ಛಲೋನೇ ಕಾಣ್ತದ. ಬ್ಯಾಟರಿಯ ಎರಡೂ ಕಂಬದ ನಡುವ ಎಷ್ಟು ವೋಲ್ಟ್, ಸೆಲ್ಫಿನ ದೊಡ್ಡ ಬೋಲ್ಟಿಗೂ ಸೆಲ್ಫಿನ ಬಾಡಿಗೂ ಎಷ್ಟು. ಎರಡರ ನಡುವಿನ ಫರಕು ಹಾದ್ಯಾಗ ಹೋದ ವೋಲ್ಟ್. ಅದನ್ನ ಮತ್ತ ಒಡದು ನೋಡು: ಲೈವ್ ಕೇಬಲಿನ ಈ ತುದಿಯಿಂದ ಆ ತುದಿಗಿ ಎಷ್ಟು, ಎಂಜಿನ್ ಬಾಡಿಯಿಂದ ಬ್ಯಾಟರಿಯ ಅರ್ಥ್ ಕಂಬಕ್ಕ (ಬಾಡಿಗಿ ಕಟ್ಟಿದ್ದು) ಎಷ್ಟು. ಲೈವ್ ಕಡೆ ಅರ್ಧ ವೋಲ್ಟಿನ ಒಳಗ ಇರಬೇಕು, ಅರ್ಥ್ ಕಡೆ ಅದರ ಅರ್ಧ.

ಮತ್ತೊಂದು ಮಾತು. ಸೆಲ್ಫ್ ಛಲೋ ತಿರುಗಿ ಎಂಜಿನ್ ಹತ್ತಲಿಲ್ಲ ಅಂದ್ರ ಅದು ಪೆಟ್ರೋಲ್ ಲೈನಿನ್ಯಾಗ ಆವಿ ತುಂಬಿದ್ದು, ಬ್ಯಾರೆ ರೋಗ. ನಿಂದು ತಿರುಗೋದೇ ಇಲ್ಲ ಅಂತೀಯಲ್ಲ, ಅದಕ್ಕ ಮೀಟರ್ ಹಿಡಿ ಅಂದೀನಿ.

ಜೇವರ್ಗಿ ರೋಡ್

ಉಸ್ತಾದ್, ನೀವು ಹೇಳಿದಂಗ ಅಳದೀನಿ. ನಿಂತಾಗ ಬ್ಯಾಟರಿ 12.5. ಸೆಲ್ಫ್ ಹೊಡದಾಗ ಬ್ಯಾಟರಿ ಕಂಬದಾಗ 10.3, ಸೆಲ್ಫ್ ಮ್ಯಾಲ 8.1. ಹಾದ್ಯಾಗ 2.2 ವೋಲ್ಟ್ ಹೋಗ್ಯದ. ಅದರಾಗ ಲೈವ್ ಕೇಬಲ್ 0.6, ಅರ್ಥ್ ಕಡೆ 1.6!

ಎಂಜಿನ್ನಿಂದ ಬಾಡಿಗಿ ಬರೋ ಹೆಣದ ತಾಮ್ರದ ಪಟ್ಟಿ ಬಿಚ್ಚಿದೆ. ಮ್ಯಾಲ ನೋಡ್ಲಾಕ ಗಟ್ಟಿ. ಬೋಲ್ಟ್ ತಗದ್ರ ಕೆಳಗ ಮೂರು ಪದರ ಪೇಂಟು, ಅದರ ಮ್ಯಾಲ ಹಸರ ಪುಡಿ. ಪಟ್ಟಿಯ ಎಳಿಗೋಳು ಕೈಯಾಗ ಮುರದು ಬಂದ್ವು. ಬ್ಯಾಟರಿ ಪ್ಲಸ್ ಬಾಡಿಗಿ ಕಟ್ಟಿದ ಕೇಬಲಿನ ಲಗ್ ಸೈತ ಒಳಗ ಕರ್ರಗ ಆಗಿತ್ತು. ಹೊಸ ಪಟ್ಟಿ ಹಾಕಿ, ಬೋಲ್ಟ್ ಕೂಡೋ ಜಾಗ ಬೆಳ್ಳಗ ಹೊಳಿಯೋತನ ತಿಕ್ಕಿ, 25 ಚದರ ಮಿ.ಮೀ. ಕೇಬಲ್ ಎಳದೀನಿ. ಈಗ ಅರ್ಥ್ ಕಡೆ 0.2, ಲೈವ್ 0.3. ಥಂಡ್ಯಾಗ ಮೊದಲಿನಕಿಂತ ಭಾಳ ಜೋರ ತಿರುಗ್ತದ. ಬಿಸ್ಯಾಗ ಸುಧಾರಿಸ್ಯದ, ಖರೆ, ಆದ್ರ ಎಳೀತದ ಇನ್ನೂ. ಮಳಖೇಡದಿಂದ ಬಂದ ಮ್ಯಾಲ ಮತ್ತ ಒಮ್ಮಿ ನಿಂತು ಬಿಡ್ತು.

ಯಾದಗಿರಿ ಕೋಟಿ

ಅಣ್ಣಾವರೇ, ಹಂಗಾದ್ರ ಸೆಲ್ಫ್ ಬಿಚ್ಚಿ ಬುಷ್ ನೋಡ್ರಿ. ಲುಕಾಸ್ (ಇಂಗ್ಲಿಷ್ ಕಂಪನಿ) ನಮೂನಿ ಹಳೀ ಮೋಟರಿನ್ಯಾಗ ಆರ್ಮೇಚರ್ (ಒಳಗ ತಿರುಗೋ ಸುರುಳಿ) ಎರಡು ಕಂಚಿನ ಬುಷ್ ಮ್ಯಾಲ ಕೂತಿರ್ತದ. ಬುಷ್ ಸವದ್ರ ಆರ್ಮೇಚರ್ ಒಂದು ಮಗ್ಗಲಿಗಿ ಸರದು ಪೋಲ್ ಶೂಗೆ (ಸುತ್ತ ಇರೋ ಅಯಸ್ಕಾಂತದ ಕಬ್ಬಿಣ) ತಿಕ್ತದ. ಬಿಸ್ಯಾಗ ತಾಮ್ರದ ರೆಸಿಸ್ಟನ್ಸ್ ಏರ್ತದ, ಕರೆಂಟ್ ಕಡಿಮಿ ಆಗ್ತದ, ತಿಕ್ಕಾಟ ಅಷ್ಟೇ ಇರ್ತದ. ಅದಕ್ಕೇ ಬಿಸ್ಯಾಗ ಮಾತ್ರ ಕಾಡೋದು.

ಬುಷ್, ನಾಕು ಕಾರ್ಬನ್ ಬ್ರಷ್, ಕಮ್ಯುಟೇಟರ್ (ಬ್ರಷ್ ತಿಕ್ಕೋ ತಾಮ್ರದ ಭಾಗ) ಲೇತಿಗಿ ಹಾಕಿ ಸಾಫ್ ಮಾಡಿಸೋದು, ಇಷ್ಟೇ ಕೆಲಸ. ಮೂಲ ವಸ್ತು ಗಾಡ್ಯಾಗೇ ಉಳೀತದ. ಕಂಪನಿಯವರು ಕೊಟ್ಟಿದ್ದನ್ನ ತಗದು ಈಗಿನ ಸಾಮಾನು ಹಾಕಿದ್ರ ಒಂದೊಂದೇ ಹೋಗ್ತಾ ಹೋಗ್ತಾ ಅಂಬಾಸಿಡರ್ ಅನ್ನೋ ಹೆಸರಷ್ಟೇ ಉಳೀತದ. ಅಂಬಾಸಿಡರ್ ಮಾಡ್ತಿದ್ದ ಉತ್ತರಪಾರಾ ಕಾರ್ಖಾನಿ ಬಂದ್ ಆಗಿದ್ದು 2014ರಾಗ. ಅಲ್ಲಿಂದ ಇನ್ನೊಂದು ಗಾಡಿ ಬರೂದಿಲ್ಲ. ನನಗ ಇದು ಮನಸಿಗಿ ಹತ್ತಿದ ಮಾತು, ಸಿಟ್ಟಾಗಬ್ಯಾಡ್ರಿ.

ಜೇವರ್ಗಿ ರೋಡ್

ಸಿಟ್ಟು ಯಾಕ್ರಿ, ನಿಮ್ಮ ಮಾತು ಬರೋಬ್ಬರಿ ಅದ. ಬಿಚ್ಚಿ ನೋಡೀನಿ. ಒಂದು ಪೋಲ್ ಶೂ ಮ್ಯಾಲ ಉಗುರಿನಷ್ಟು ಅಗಲದ ಪಟ್ಟಿ ಕನ್ನಡಿಹಂಗ ಹೊಳೀತದ, ಆರ್ಮೇಚರ್ ತಿಕ್ಕಿದ ಗುರುತು. ಬುಷ್ ಹೊಸದು ಹಾಕಸ್ತೀನಿ. ಆದ್ರ ಆರ್ಮೇಚರಿನ ವೈಂಡಿಂಗ್ ಸೈತ ಕಮ್ಯುಟೇಟರ್ ಹತ್ರ ಸುಟ್ಟು ಕರ್ರಗಾಗ್ಯದ, ಎರಡು ಜಾಗಾದಾಗ ಬೆಸಿಗಿ ಕರಗಿ ಹಾರ್ಯದ. ನಮ್ಮೂರಾಗ ಇದನ್ನ ಛಲೋ ಸುತ್ತೋರು ಇಬ್ಬರಿದ್ದರು, ಈಗ ಇಬ್ಬರೂ ಅಂಗಡಿ ಮುಚ್ಚ್ಯಾರ. ಸುತ್ತಿಸೋದು ಸಾವಕಾಶ ಮಾಡಸ್ತೀನಿ, ಅಲ್ಲೀತನ ಗಾಡಿ ಓಡಬೇಕು. ಸಣ್ಣ ಸೆಲ್ಫ್ ವಿಚಾರ ಬಿಟ್ಟಿಲ್ಲ.

ಕಪನೂರ ಲೇತ್

ಇಂಥ ಕೆಲಸ ಮಾಡಿಕೊಟ್ಟೀನಿ, ಅದಕ್ಕ ಹೇಳ್ತೀನಿ. ಹೊಸ ಸೆಲ್ಫಿಗೂ ಎಂಜಿನ್ನಿಗೂ ನಡುವ ಹಾಕೋ ಪ್ಲೇಟ್ ಕಡಿಯೋದು ಸಣ್ಣ ಮಾತು. ಅಳತಿ ದೊಡ್ಡ ಮಾತು.

ಮೊದಲ ಇದು ತಿಳ್ಕೊಳ್ರಿ: ಹಳೀ ಸೆಲ್ಫ್ ಮತ್ತ ಹೊಸಾದು ಫ್ಲೈವ್ಹೀಲ್ ರಿಂಗಿಗಿ (ಎಂಜಿನ್ ಹಿಂದಿನ ಭಾರೀ ಗಾಲಿ ಸುತ್ತ ಇರೋ ಹಲ್ಲಿನ ಬಳಿ) ಬರೋ ಕಡೆನೇ ಬ್ಯಾರೆ. ಹಳೇದು ಬೆಂಡಿಕ್ಸ್. ಮೋಟರ್ ಒಮ್ಮಿಗೇ ಜೋರ ತಿರುಗಿದಾಗ ಪಿನಿಯನ್ (ಸೆಲ್ಫಿನ ಸಣ್ಣ ಹಲ್ಲಿನ ಗಾಲಿ) ಜಡತ್ವದಿಂದ ಹಿಂದ ಉಳದು, ಶಾಫ್ಟಿನ ಸುರುಳಿ ಮ್ಯಾಲ ಸರದು ರಿಂಗಿಗಿ ಹತ್ತತದ. ಎಂಜಿನ್ ಚಾಲು ಆದ್ರ ರಿಂಗೇ ಅದನ್ನ ಒದ್ದು ಹೊರಗ ಹಾಕ್ತದ. ಈ ಗಾಡ್ಯಾಗ ಸುಮ್ಮ ಕೂತಾಗ ಪಿನಿಯನ್ ರಿಂಗಿನ ಆಚಿ, ಗೇರ್ ಬಾಕ್ಸ್ ಕಡೆ ಇರ್ತದ, ಮೋಟರ್ ಕಡೆ ಸರದು ಕೂಡ್ತದ. ಹೊಸಾದು ಸೊಲೆನಾಯ್ಡ್ (ಕರೆಂಟ್ ಕೊಟ್ರ ಎಳಿಯೋ ಸುರುಳಿ ಅಯಸ್ಕಾಂತ) ದಬ್ಬೋದು. ಪಿನಿಯನ್ ರಿಂಗಿನ ಈಚಿ ಇರ್ತದ, ಆಚಿ ಹೋಗ್ತದ.

ಇದರಿಂದ ಎರಡು ತೊಡಕು. ಒಂದು, ರಿಂಗಿನ ಹಲ್ಲಿಗಿ ಪಿನಿಯನ್ ಒಳಗ ಬರೋ ಮಗ್ಗಲಕ್ಕ ಓರೆ ಕೊಟ್ಟಿರ್ತಾರ. ನಿಮ್ದು ಆಚಿ ಮಗ್ಗಲಕ್ಕ ಇದ್ರ ಹೊಸ ಪಿನಿಯನ್ ಬಂದು ಚಪ್ಪಟ ಮುಖಕ್ಕ ಹೊಡೀತದ. ಕೂಡೋದು ಕೂಡ್ತದ, ಸ್ಪ್ರಿಂಗ್ ಇರ್ತದಲ್ಲ, ಆದ್ರ ಹಲ್ಲು ಬೇಗ ತಿಂತದ. ಸೆಲ್ಫ್ ಬಿಚ್ಚಿದ ತೂತಿನ್ಯಾಗ, ಬ್ಯಾಟರಿ ಕೇಬಲ್ ಬಿಚ್ಚಿಟ್ಟು, ಬೆರಳು ಹಾಕಿದ್ರ ಗೊತ್ತಾಗ್ತದ. ಎರಡು, ಸೆಲ್ಫ್ ಕೂಡೋ ಮುಖದಿಂದ ರಿಂಗಿನ ಈಚಿ ಮುಖಕ್ಕ ಎಷ್ಟು ಆಳ ಅದ ಅಳೀರಿ. ಹೊಸ ಪಿನಿಯನ್ ಸುಮ್ಮ ಕೂತಾಗ ರಿಂಗಿನಿಂದ 3 ಮಿ.ಮೀ. ಆಸುಪಾಸು ದೂರ ಇರಬೇಕು. ನಡುವ ಹಾಕೋ ಪ್ಲೇಟಿನ ದಪ್ಪ ಈ ಅಳತಿ ಮ್ಯಾಲೇ ಬರ್ತದ, ಅಂದಾಜಿನ ಮ್ಯಾಲ ಅಲ್ಲ.

ಹಲ್ಲಿನ ಲೆಕ್ಕ ಇನ್ನೂ ಸೂಕ್ಷ್ಮ. ಹಳೀ ಇಂಗ್ಲಿಷ್ ಮೂಲದ ಗೇರ್ ಡಯಾಮೆಟ್ರಲ್ ಪಿಚ್ (ಹಲ್ಲಿನ ಗಾತ್ರದ ಇಂಚಿನ ಅಳತಿ) ಲೆಕ್ಕದಾಗ, ಈಗಿನ ಜಪಾನಿ ಮೂಲದ್ದು ಮಾಡ್ಯೂಲ್ (ಮಿ.ಮೀ. ಅಳತಿ) ಲೆಕ್ಕದಾಗ. 10 ಪಿಚ್ ಅಂದ್ರ 2.54 ಮಾಡ್ಯೂಲ್. ಪಕ್ಕದಾಗ 2.5 ಮಾಡ್ಯೂಲ್ ಪಿನಿಯನ್ ಇಟ್ರ ಕಣ್ಣಿಗಿ ಒಂದೇ ಕಾಣ್ತಾವ, ಆದ್ರ ಒಂದಲ್ಲ. ಅದಕ್ಕ ರಿಂಗಿನ ಹಲ್ಲು ಎಣಿಸಿ, ಹೊರ ವ್ಯಾಸ ಅಳದು, ಹಲ್ಲಿನ ಎಣಿಕಿಗಿ ಎರಡು ಕೂಡಿಸಿ ಅದರಿಂದ ವ್ಯಾಸ ಭಾಗಿಸ್ರಿ. ಸುಮಾರು ಮಾಡ್ಯೂಲ್ ಬರ್ತದ. ಪಿನಿಯನ್ ಮ್ಯಾಲ ಈ ಲೆಕ್ಕ ಹಾಕಬ್ಯಾಡ್ರಿ, ಸೆಲ್ಫ್ ಪಿನಿಯನಿಗಿ ಹಲ್ಲು ತಿದ್ದಿ ಕಡದಿರ್ತಾರ, ತಪ್ಪು ಬರ್ತದ. ಪಿನಿಯನಿನ್ಯಾಗ ಒಂದು ಹಲ್ಲು ಹೆಚ್ಚಾದ್ರ ಎರಡು ಸೆಂಟರಿನ ದೂರ ಅರ್ಧ ಮಾಡ್ಯೂಲಿನಷ್ಟು ಹೆಚ್ಚು ಆಗಬೇಕು, ಅಂದ್ರ 2.5ಕ್ಕ 1.25 ಮಿ.ಮೀ. ಇದನ್ನ ಬಿಟ್ಟವರ ಸೆಲ್ಫೇ ಸೈರನ್‌ನಂಗ ಒದರೋದು.

ಮೇಷ್ಟ್ರು, ಸೇಡಂ

ಜೇವರ್ಗಿ ರೋಡ್ ಅವರೇ, ನೀವು ಒಂದು ಮಾತನ್ನು ಸಹಜವಾಗಿ ಬರೆದು ಮುಂದೆ ಹೋಗಿದ್ದೀರಿ. ಇಡೀ ಚರ್ಚೆಯಲ್ಲಿ ಅದೇ ಮುಖ್ಯ. "ಬ್ಯಾಟರಿ ಪ್ಲಸ್ ಬಾಡಿಗಿ ಕಟ್ಟಿದ ಕೇಬಲ್" ಎಂದಿರಿ. ಅಂದರೆ ನಿಮ್ಮದು ಪಾಸಿಟಿವ್ ಅರ್ಥ್ ಗಾಡಿ. ಆ ಕಾಲದ ಲುಕಾಸ್ ವೈರಿಂಗ್‌ನಲ್ಲಿ ಅದು ಸಾಮಾನ್ಯ.

ಹಳೆಯ ಸೆಲ್ಫ್‌ನಲ್ಲಿ ಅಯಸ್ಕಾಂತವೂ ಸುರುಳಿಯದೇ. ಫೀಲ್ಡ್ ಸುರುಳಿ, ಆರ್ಮೇಚರ್ ಎರಡೂ ಒಂದರ ಹಿಂದೆ ಒಂದು ಸರಣಿಯಲ್ಲಿರುತ್ತವೆ. ಬ್ಯಾಟರಿ ತಿರುವಿ ಕಟ್ಟಿದರೆ ಎರಡರಲ್ಲೂ ಕರೆಂಟ್ ತಿರುಗುತ್ತದೆ, ಮೋಟರ್ ಮಾತ್ರ ಅದೇ ದಿಕ್ಕಿಗೆ ತಿರುಗುತ್ತದೆ. ಹೊಸ ಸಣ್ಣ ಸೆಲ್ಫ್‌ಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಶಾಶ್ವತ ಅಯಸ್ಕಾಂತ. ಅದಕ್ಕೆ ಕರೆಂಟ್ ತಿರುಗಿಸಿ ಕೊಟ್ಟರೆ ಮೋಟರ್ ಉಲ್ಟಾ ತಿರುಗುತ್ತದೆ. ಪಿನಿಯನ್ನಿನ ಒಳಗಿನ ಒಂದು ದಿಕ್ಕಿನ ಕ್ಲಚ್ ಆಗ ಜಾರುತ್ತದೆ, ಎಂಜಿನ್ ಅಲ್ಲಾಡುವುದೇ ಇಲ್ಲ. ಆದ್ದರಿಂದ ಮೊದಲು ಗಾಡಿಯನ್ನು ನೆಗೆಟಿವ್ ಅರ್ಥ್ ಮಾಡಬೇಕು.

ಅದು ಕಷ್ಟದ್ದೇನಲ್ಲ. ಬ್ಯಾಟರಿ ತಿರುವಿಡುವಾಗ ಕ್ಲಾಂಪ್‌ಗಳನ್ನೂ ಬದಲಿಸಿ. ಪ್ಲಸ್ ಕಂಬ ದಪ್ಪ, ಮೈನಸ್ ತೆಳು, ಹಳೆಯ ಕ್ಲಾಂಪನ್ನು ಹಾಗೇ ಹಾಕಿದರೆ ಒಂದು ಸಡಿಲ ಉಳಿಯುತ್ತದೆ, ಮತ್ತೆ ಅದೇ ವೋಲ್ಟ್ ಸೋರುವ ಕಥೆ. ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರ್ ಅದಲುಬದಲು ಮಾಡಿ. ಆಂಪಿಯರ್ ಮೀಟರ್ ವೈರ್ ಕೂಡ. ಆಮೇಲೆ ಡೈನಮೋಗೆ ಹೊಸ ಧ್ರುವ ಕೊಡಬೇಕು: ಎಫ್ (ಫೀಲ್ಡ್ ಸುರುಳಿಯ) ಟರ್ಮಿನಲ್‌ನ ವೈರ್ ಬಿಚ್ಚಿ, ಬ್ಯಾಟರಿಯ ಲೈವ್‌ನಿಂದ ಒಂದು ವೈರ್ ತಂದು ಆ ಟರ್ಮಿನಲ್‌ಗೆ ಕ್ಷಣಮಾತ್ರ ಎರಡು ಮೂರು ಸಲ ಮುಟ್ಟಿಸಿ. ಸಣ್ಣ ಕಿಡಿ ಬರುತ್ತದೆ. ಇದನ್ನು ಎಂಜಿನ್ ಚಾಲು ಮಾಡುವ ಮುಂಚೆಯೇ ಮಾಡಬೇಕು. ಹಾರ್ನ್, ಬಲ್ಬುಗಳಿಗೆ ಯಾವ ಕಡೆಯಾದರೂ ಒಂದೇ. ರೇಡಿಯೊ ಇದ್ದರೆ ವೈರ್ ಬಿಚ್ಚಿಡಿ.

ಉಸ್ತಾದ್ ಬೀದರ್

ಮೇಷ್ಟ್ರೇ, ಇದು ಖರೇ. ನನ್ನ ಹತ್ರ ಒಬ್ಬರು ಹೊಸ ಸೆಲ್ಫ್ ಕೆಟ್ಟ ಮಾಲು ಅಂತ ತಂದಿದ್ರು. ಬೆಂಚ್ ಮ್ಯಾಲ ಇಟ್ಟು ನೋಡಿದ್ರ ಏಕ್ದಂ ಛಲೋ. ಗಾಡಿ ಪಾಸಿಟಿವ್ ಅರ್ಥ್ ಇತ್ತು.

ದಿಕ್ಕು ಹೇಳ್ತೀನಿ ಕೇಳು ತಮ್ಮಾ: ಈ ಎಂಜಿನ್ನಿಗಿ ಪಿನಿಯನ್ ಕಡೆಯಿಂದ ನೋಡಿದ್ರ ಸೆಲ್ಫ್ ಗಡಿಯಾರದ ಮುಳ್ಳಿನ ದಿಕ್ಕಿಗಿ ತಿರುಗಬೇಕು. ಹಳೀ ಸೆಲ್ಫ್ ಬೆಂಚ್ ಮ್ಯಾಲ ಹಚ್ಚಿ ನೋಡಿದ್ರೂ ತಿಳೀತದ. ಗಟ್ಟಿ ಹಿಡಕೊಂಡು ಹಚ್ಚು, ಝಾಡಿಸಿ ಒದೀತದ ಅದು.

ಶಹಾಬಾದ್ ವೈರಿಂಗ್

ವೈರಿಂಗ್ ಸರಳ ಅದ. ಫೈರ್‌ವಾಲ್ (ಎಂಜಿನ್ ಹಿಂದಿನ ತಗಡಿನ ಗ್ವಾಡಿ) ಮ್ಯಾಲಿನ ಹಳೀ ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡೋ ಸ್ವಿಚ್) ಹಂಗೇ ಇರಲಿ. ಹೊಸ ಸೆಲ್ಫಿನ 30ನೇ ನಂಬರ್ ಬೋಲ್ಟಿಗೂ (ದಪ್ಪ ಕೇಬಲ್ ಕೂಡೋದು) 50ನೇ ನಂಬರ್ ಪಿನ್ನಿಗೂ (ಸೊಲೆನಾಯ್ಡಿಗೆ ಕರೆಂಟ್ ಹೋಗೋದು) ಒಂದು ತುಂಡು ವೈರ್ ಕೂಡಿಸಿ ಬಿಡ್ರಿ. ಹಳೀ ಸೊಲೆನಾಯ್ಡ್ ಕೇಬಲಿಗಿ ಕರೆಂಟ್ ಕೊಟ್ಟಾಗ ಎರಡೂ ಒಮ್ಮಿಗೇ ಆಗ್ತದ. ಗಾಡಿ ವೈರಿಂಗ್ ಮುಟ್ಟೋದೇ ಬ್ಯಾಡ.

ಮೇಷ್ಟ್ರು, ಸೇಡಂ

ಕೆಲಸ ನಡೆಯುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಕಾರಣ ಕೇಳಿ. ಶಾಶ್ವತ ಅಯಸ್ಕಾಂತದ ಮೋಟರ್ ಕರೆಂಟ್ ಕಡಿದ ಮೇಲೂ ಕೆಲ ಕ್ಷಣ ತಿರುಗುತ್ತಿರುತ್ತದೆ, ತಿರುಗುವಾಗ ತಾನೇ ಡೈನಮೋ ಆಗುತ್ತದೆ. ಆ ತುಂಡು ವೈರಿನ ಮೂಲಕ ಅದರ ವೋಲ್ಟ್ ತನ್ನದೇ ಸೊಲೆನಾಯ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀವು ಸ್ವಿಚ್ ಬಿಟ್ಟರೂ ಪಿನಿಯನ್ ತಡವಾಗಿ ಹಿಂದೆ ಬರುತ್ತದೆ. ಅಷ್ಟರಲ್ಲಿ ಎಂಜಿನ್ ವೇಗ ಹಿಡಿದಿರುತ್ತದೆ, ಏಟು ಬೀಳುವುದು ಆ ಒಂದು ದಿಕ್ಕಿನ ಕ್ಲಚ್‌ಗೆ.

ಸರಿಯಾದ ದಾರಿ: ಬ್ಯಾಟರಿಯ ದಪ್ಪ ಕೇಬಲ್ ನೇರ 30ಕ್ಕೆ. ಹಳೆಯ ಸೊಲೆನಾಯ್ಡ್ 50ಕ್ಕೆ ಕರೆಂಟ್ ಕೊಡುವ ರಿಲೇ ಮಾತ್ರ. ಹೊಸ ಸೊಲೆನಾಯ್ಡ್ ಎಳೆದುಕೊಳ್ಳುವ ಕ್ಷಣಕ್ಕೆ 30–40 ಆಂಪಿಯರ್ ಬೇಡುತ್ತದೆ, ಹಳೆಯ ಸ್ಟಾರ್ಟರ್ ಸ್ವಿಚ್‌ಗೆ ಅದನ್ನು ನೇರ ಹೊರಿಸಬಾರದು. ಹಳೆಯ ಸೊಲೆನಾಯ್ಡ್ ಆ ಕೆಲಸವನ್ನು ಆರಾಮಾಗಿ ಮಾಡುತ್ತದೆ, ಗಾಡಿಯ ಮೇಲೆ ಮೂಲ ವಸ್ತುವಾಗಿಯೂ ಉಳಿಯುತ್ತದೆ. ಒಂದು ಎಚ್ಚರಿಕೆ: ಹೀಗೆ ಕಟ್ಟಿದಾಗ ಸೆಲ್ಫ್ ತನಕ ಹೋಗುವ ಕೇಬಲ್ ಸದಾ ಲೈವ್. ಮೊದಲು ಸೆಲ್ಫ್ ಹೊಡೆದಾಗ ಮಾತ್ರ ಲೈವ್ ಇತ್ತು. ಬೋಲ್ಟ್ ಮೇಲೆ ರಬ್ಬರ್ ಟೋಪಿ, ಕೇಬಲ್‌ಗೆ ಕ್ಲಿಪ್ಪು, ಬ್ಯಾಟರಿ ಹತ್ತಿರ ಕಟ್-ಆಫ್ ಸ್ವಿಚ್ ಮೂರೂ ಬೇಕು.

ಶಹಾಬಾದ್ ವೈರಿಂಗ್

ಪಿನಿಯನ್ ತಡ ಆಗಿ ಬರೋದು ನಾನೂ ಕೇಳೀನಿ, ಗಾಡಿ ಚಾಲು ಆದ ಮ್ಯಾಲ ಒಂದು ಕ್ಷಣ ಕೀಂಯ್ ಅಂತದ. ಕಾರಣ ಇದು ಅಂತ ಈಗ ತಿಳೀತು. ಇನ್ನು ಮ್ಯಾಲ ನೀವು ಹೇಳಿದಂಗೇ ಕಟ್ಟತೀನಿ ಸರ್.

ಯಾದಗಿರಿ ಕೋಟಿ

ಒಂದು ಕಾನೂನಿನ ಮಾತು ಕೇಳ್ತೀನಿ. 50 ವರ್ಷ ದಾಟಿದ ಗಾಡಿಗಿ ವಿಂಟೇಜ್ ನೋಂದಣಿ 2021ರಿಂದ ಬಂದದ. ಮೂಲ ರೂಪ ಕೆಡಬಾರದು ಅಂತ ಶರತ್ತು ಅದ. ಈ ಬದಲಿಯಿಂದ ತೊಂದರಿ ಆಗಂಗಿಲ್ಲೇನು?

ಮೇಷ್ಟ್ರು, ಸೇಡಂ

ನಿಯಮ ಹೇಳುವುದು ಚಾಸಿ, ಬಾಡಿ, ಎಂಜಿನ್‌ನಲ್ಲಿ ಮಾರ್ಪಾಡು ಆಗಿರಬಾರದು ಎಂದು. ಬೋಲ್ಟ್ ಬಿಚ್ಚಿ ಹಾಕುವ ಸೆಲ್ಫ್ ಆ ಮಾತಿಗೆ ಬರುವುದಿಲ್ಲ ಎಂದೇ ನಾನು ಓದುತ್ತೇನೆ. ಆದರೂ ಹಳೆಯ ಸೆಲ್ಫನ್ನು ಎಣ್ಣೆ ಹಚ್ಚಿ ಜೋಪಾನ ಇಡಿ. ಅದಕ್ಕಿಂತ ದೊಡ್ಡದು: ವಿಂಟೇಜ್ ನೋಂದಣಿಯ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ಹಾಕಿಸಲು, ಇಂಥದಕ್ಕೆ ಮಾತ್ರ. ಜೇವರ್ಗಿ ರೋಡ್ ಅವರು ದಿನಾ ಓಡಿಸುವವರು, ಅವರಿಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸುವ ಮಾಮೂಲಿ ದಾರಿಯೇ ಸರಿ.

ಜೇವರ್ಗಿ ರೋಡ್

ಕೆಲಸ ಮುಗೀತು, ಎಲ್ಲಾರಿಗೂ ಧನ್ಯವಾದ. ವಿವರ ಹೇಳ್ತೀನಿ, ಮುಂದ ಮಾಡೋರಿಗಿ ಬೇಕಾಗ್ತದ.

ರಿಂಗಿನ ಓರೆ ಗೇರ್ ಬಾಕ್ಸ್ ಕಡೆನೇ ಇತ್ತು, ಲೇತ್ ಅಣ್ಣಾವರು ಹೇಳಿದಂಗ. ಕ್ಲಚ್ ಪ್ಲೇಟ್ ಹ್ಯಾಂಗೂ ಬದಲಿ ಮಾಡೋದಿತ್ತು, ಗೇರ್ ಬಾಕ್ಸ್ ಇಳಿಸಿ ಫ್ಲೈವ್ಹೀಲ್ ಹೊರಗ ತಗದ್ವಿ. ರಿಂಗ್ ನೋಡಿದ್ರ ಎದುರುಬದುರು ಎರಡೇ ಜಾಗಾದಾಗ ಹಲ್ಲು ತಿಂದಿತ್ತು, ಉಳದದ್ದು ಹೊಸಾದರಂಗ. ನಾಕು ಸಿಲಿಂಡರ್ ಎಂಜಿನ್ ಬಂದ್ ಮಾಡಿದಾಗ ಕಂಪ್ರೆಷನ್ನಿಗಿ ಸಿಕ್ಕು ಯಾವಾಗಲೂ ಆ ಎರಡು ಜಾಗಾದಾಗೇ ನಿಲ್ತದಂತ. ರಿಂಗ್ ಬಿಚ್ಚಿ ತಿರುವಿ ಹಾಕಿದ್ವಿ. ಓರೆ ಈಚಿ ಬಂತು, ಪಿನಿಯನ್ ದಬ್ಬೋ ಮಗ್ಗಲನೂ ಹೊಸಾದು ಸಿಕ್ತು, ಮ್ಯಾಲ 90 ಡಿಗ್ರಿ ಸರಿಸಿ ಕೂಡಿಸಿದ್ವಿ. ಕೂಡಿಸೋ ಮುಂದ ರಿಂಗನ್ನ 200–250 ಡಿಗ್ರಿ ಕಾಸಿದ್ರು. ಗ್ಯಾಸ್ ಕಟ್ಟರ್ ಹಚ್ಚಿ ಕೆಂಪಗ ಕಾಸಬಾರದು, ಹಲ್ಲಿನ ಹದ ಹೋಗ್ತದ ಅಂತ ಕಪನೂರದಾಗ ಓವನ್ನಿನ್ಯಾಗ ಇಟ್ರು. ಕೆಳಗ ಬಿಟ್ಟ ಕೂಡ್ಲೇ ಟಕ್ ಅಂತ ತಾನೇ ಕೂತು ಬಿಟ್ತು.

ಸೆಲ್ಫ್ ಈಗಿನ ಸಣ್ಣ ಕಾರಿಂದು, ಗೇರ್ ರಿಡಕ್ಷನ್. ಕೈಯಾಗ ಹಿಡದ್ರ ಹಳೇದರ ಅರ್ಧ ತೂಕ. ಒಳಗ ಮೋಟರ್ ಸುಮಾರು ನಾಕು ಸುತ್ತು ತಿರುಗಿದ್ರ ಪಿನಿಯನ್ ಒಂದು ಸುತ್ತು, ಅದಕ್ಕೇ ಇಷ್ಟು ಸಣ್ಣ ಇದ್ದೂ ಜೋರ ಅದ. ಪಿನಿಯನ್ ಮಾತ್ರ ನಮ್ಮ ರಿಂಗಿನ ಹಲ್ಲಿಗಿ ತಕ್ಕಂಗ ಕಡಿಸಿ ಹಾಕಿದ್ವಿ. ಕಬ್ಬಿಣದ ಪ್ಲೇಟ್, ನಡುವ ಮೋಟರಿನ ಮೂತಿ ಬಿಗಿಯಾಗಿ ಕೂಡೋ ತೂತು. ಎಂಜಿನ್ ಕಡೆ ಹಳೀ ಬೋಲ್ಟ್ ತೂತಿನ್ಯಾಗೇ ಹಿಡದಾರ. ಆ ಥ್ರೆಡ್ ಮೆಟ್ರಿಕ್ ಅಲ್ಲ, ಯುಎನ್ಎಫ್ (ಇಂಚಿನ ಲೆಕ್ಕದ್ದು); ಎಂಎಂ ಬೋಲ್ಟ್ ಜೋರ ಮಾಡಿ ತಿರುವಬ್ಯಾಡ್ರಿ. ಆಯಿಲ್ ಫಿಲ್ಟರ್ ಕಡೆ ಈಗ ಕೈ ಹೋಗ್ಲಾಕ ಜಾಗ ಆಗ್ಯದ.

ನೆಗೆಟಿವ್ ಅರ್ಥ್ ಮಾಡಿ, ಡೈನಮೋಗೆ ಮೇಷ್ಟ್ರು ಹೇಳಿದಂಗ ಕಿಡಿ ಮುಟ್ಟಿಸಿದ್ವಿ, ಚಾರ್ಜ್ ಬರೋಬ್ಬರಿ ತೋರಸ್ತದ. ಶನಿವಾರ ಮಟಮಟ ಮಧ್ಯಾಹ್ನ ಶಹಾಬಾದ್‌ಗೆ ಹೋಗಿ, ಕಲ್ಲಿನ ಲಾರಿಗೋಳ ನಡುವ ನಿಲ್ಲಿಸಿ, ಕಾಲು ತಾಸು ಬಿಟ್ಟು ಸೆಲ್ಫ್ ಹೊಡದೆ. ಮುಂಜಾನಿ ತಿರುಗಿದಂಗೇ ತಿರುಗ್ತು. ಬ್ಯಾಟರಿ 10.8ಕ್ಕಿಂತ ಕೆಳಗ ಇಳೀಲಿಲ್ಲ.

ಯಾದಗಿರಿ ಅಣ್ಣಾವರೇ, ಹಳೀ ಆರ್ಮೇಚರ್ ಸುತ್ತಲಾಕ ಹೈದರಾಬಾದ್‌ಗೆ ಕಳಿಸೀನಿ. ಅದನ್ನ ಹೊಳ್ಳಿ ಕೂಡಿಸೋ ದಿನ ಬಂದ್ರ ಒಂದೇ ಕೆಲಸ ಹೆಚ್ಚಿಗಿ: ರಿಂಗ್ ಮತ್ತ ತಿರುವಬೇಕು.

ಯಾದಗಿರಿ ಕೋಟಿ

ಸುತ್ತಲಾಕ ಕೊಟ್ಟೀರಿ ಅಂದ್ರಲ್ಲ, ಅಷ್ಟು ಸಾಕು. ಅದರ ಶಾಫ್ಟಿನ ಹಿಂದಿನ ತುದಿ ಚೌಕ ಇರ್ತದ, ಮ್ಯಾಲ ಸಣ್ಣ ತಗಡಿನ ಟೋಪಿ. ಬೆಂಡಿಕ್ಸ್ ರಿಂಗಿನ್ಯಾಗ ಸಿಕ್ಕೊಂಡಾಗ ಪಾನಾ ಹಾಕಿ ತಿರುವಿ ಬಿಡಿಸ್ಲಾಕ ಅದನ್ನ ಕೊಟ್ಟಿದ್ದು. ಆ ಟೋಪಿ ಅಂಗಡ್ಯಾಗ ಕಳೀಲಾರದಂಗ ನೋಡ್ಕೊಳ್ರಿ, ಮತ್ತ ಸಿಗಂಗಿಲ್ಲ.

ಹುಮನಾಬಾದ್ ಪದ್ಮಿನಿ

ಎಲ್ಲಾ ಓದಿದೆ. ನಂದು ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಸೆಲ್ಫ್ ಮ್ಯಾಲೇ ಸೊಲೆನಾಯ್ಡ್ ಕೂತದ, ಬ್ಯಾಟರಿ ಮೈನಸ್ ಬಾಡಿಗಿ. ನನಗೂ ರಿಂಗ್ ತಿರುವಬೇಕಾಗ್ತದೇನ್ರಿ?

ಕಪನೂರ ಲೇತ್

ಇಲ್ರಿ ಅಕ್ಕಾರ. ಸೊಲೆನಾಯ್ಡ್ ಮೋಟರ್ ಮ್ಯಾಲೇ ಕೂತು ಪಿನಿಯನ್ ದಬ್ಬತದ ಅಂದ್ರ ನಿಮ್ಮ ರಿಂಗಿನ ಓರೆ ಆ ಕಡೆನೇ ಇರ್ತದ. ಅರ್ಥ್ ಕೆಲಸನೂ ಇಲ್ಲ. ನೀವು ನೋಡಬೇಕಾದದ್ದು ತಿರುಗೋ ದಿಕ್ಕು, ಹಲ್ಲಿನ ಅಳತಿ, ಪಿನಿಯನ್ ಸುಮ್ಮ ಕೂತಾಗ ರಿಂಗಿನಿಂದ ಎಷ್ಟು ದೂರ ಅದ ಅನ್ನೋದು. ಹಳೀ ಸೆಲ್ಫ್ ಬಿಚ್ಚಿ ತರ್ರಿ, ಗಾಡಿ ತರೋದು ಬ್ಯಾಡ. ತರೋ ಮುಂದ ಕೂಡೋ ಮುಖದಿಂದ ರಿಂಗಿನ ಆಳ ವರ್ನಿಯರ್‌ನಾಗ ಅಳದು ಚೀಟ್ಯಾಗ ಬರಕೊಂಡು ಬರ್ರಿ.

ಉಸ್ತಾದ್ ಬೀದರ್

ಅದಕೂ ಮೊದಲ ಅರ್ಥ್ ಪಟ್ಟಿ ಬಿಚ್ಚಿ ನೋಡು ತಾಯಿ. ಮೀಟರ್ ಇಲ್ಲಂದ್ರ ಬೀದರಿಗಿ ಬಾ, ನಾ ಅಳದು ಕೊಡ್ತೀನಿ.